ಮಾಮಾನ ಲ್ಯಾಪ್‌ಟಾಪ್ ಬಿಸಿಯಾಗುವವರೆಗೆ

ಶ್ರಾವಣದ ಕೊನೆಯ ಶುಕ್ರವಾರ ಬೈಲಹೊಂಗಲ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಸೋದರಮಾವನ ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಹೊಸ ಬಗೆಯ ವೇಗದ ಎಸ್ಎಸ್‌ಡಿ ಹಾಕಲಾಯಿತು. ಯಂತ್ರ ಚೇತರಿಸಿಕೊಂಡಿತು. ಮಾಮಾ ಚೇತರಿಸಿಕೊಳ್ಳಲಿಲ್ಲ. ಯಂತ್ರ ಬೇಗ ಕೆಲಸ ಮಾಡುತ್ತದೆಂದು ಸಿಟ್ಟಾದ ಮನುಷ್ಯ ಇಡೀ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ಇನ್ನೊಬ್ಬನಿದ್ದಿದ್ದರೆ ಸುದ್ದಿ ನಮ್ಮ ಪತ್ರಿಕೆಗೆ ಬರದೆ ಇರುತ್ತಿತ್ತೆ?

ಮಾಮಾ ಜಾತಕ ನೋಡುತ್ತಾನೆ. ಅವನ ಅಪ್ಪ ಪಂಚಾಂಗ ಬಿಡಿಸಿಟ್ಟುಕೊಂಡು ಕೈಯಿಂದ ಹಾಕುತ್ತಿದ್ದ ಲೆಕ್ಕವನ್ನು ಇವನು ಲ್ಯಾಪ್‌ಟಾಪಿನಿಂದ ಹಾಕಿಸುತ್ತಾನೆ. ಸವದತ್ತಿ, ಕಿತ್ತೂರು, ರಾಮದುರ್ಗದ ಕಡೆಯಿಂದೆಲ್ಲ ಜನ ಗಂಡು-ಹೆಣ್ಣಿನ ಕುಂಡಲಿ ಕೂಡಿಸಲು ಬರುತ್ತಾರೆ. ಆ ಲ್ಯಾಪ್‌ಟಾಪೋ! ಬೆಳಿಗ್ಗೆ ಬಟನ್ ಒತ್ತಿ ಸ್ನಾನಕ್ಕೆ ಹೋದರೆ, ಸಂಧ್ಯಾವಂದನೆ ಮುಗಿಸಿ ಬಂದರೂ ಪರದೆಯ ಮೇಲೆ ಏನೋ ಗಿರಗಿರ ತಿರುಗುತ್ತಲೇ ಇರುತ್ತಿತ್ತು. ಒಳಗೆ ಯಾರೋ ಕೂತು ಅಡಿಕೆ ಕತ್ತರಿಸುತ್ತಿರುವಂಥ ಸದ್ದು. ಒಮ್ಮೆ ಕಿತ್ತೂರಿನಿಂದ ವಾಪಸಾಗುವಾಗ ವರದಿ ಕಳಿಸಲು ಅದರ ಮುಂದೆ ಕುಳಿತೆ.

“ಅದು ಏಳೂತನಕಾ ಅವಲಕ್ಕಿ ತಿನ್ನು,” ಎಂದ ಮಾಮಾ. ತಿಂದೆ. “ಚಹಾ ಕುಡಿ.” ಕುಡಿದೆ. ಅದು ಎದ್ದಾಗ ನನ್ನ ಪುಟ ಅಚ್ಚಿಗೆ ಹೋಗಿಯಾಗಿತ್ತು. ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ!

ಅವನನ್ನು ಅಂಗಡಿಗೆ ಎಳೆದುಕೊಂಡು ಹೋದವನು ನಾನೇ. ಅಂಗಡಿಯವನು ಸಮಾಧಾನದಿಂದ ಹೇಳಿದ: “ಒಳಗಿಂದೆಲ್ಲಾ ಹೊಸಾದಕ್ಕ ಕಾಪಿ ಮಾಡ್ತೇನ್ರೀ ಆಚಾರ್ರ. ಒಂದ ತಾಸ ಹಿಡೀತೈತಿ.”

ಮಾಮಾ ಗಡಿಯಾರ ನೋಡಿಕೊಂಡ. “ನಡುವ ರಾಹುಕಾಲ ಬರ್ತದ. ಅರ್ಧಾ ಜಾತಕ ಆ ಕಡೆ, ಅರ್ಧಾ ಈ ಕಡೆ ಇದ್ದಾಗ ರಾಹು ಹೊಕ್ಕರ?”

“ವೈರಸ್ ಹೊಕ್ಕರ ತಗದ ಕೊಡ್ತೇನ್ರೀ. ರಾಹೂನ ತಗಿಯು ಸಾಫ್ಟ್‌ವೇರ್ ಎಲ್ಲಿಂದ ತರ್ಲಿ?”

ಮಾಮಾ ಜಗ್ಗಲಿಲ್ಲ. ರಾಹುಕಾಲ ಮುಗಿಯುವವರೆಗೆ ಅಂಗಡಿಯ ಬೆಂಚಿನ ಮೇಲೆ ನಾನು, ಅವನು, ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್! ಕೊನೆಗೆ ತೆಗೆದ ಹಳೆಯ ಡಿಸ್ಕನ್ನು ಧೋತರದ ಚುಂಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ತಂದ. ಮಾಮಿ ಬಾಗಿಲಲ್ಲೇ ಗದರಿದಳು: “ಅದನ್ನ ದೇವರ ಮನ್ಯಾಗ ಇಟ್ಟರ ನೋಡ್ರಿ ಮತ್ತ!” ಅವಳು ಒಳಗೆ ಬರುವಷ್ಟರಲ್ಲಿ ಅದಕ್ಕೆ ಕುಂಕುಮ ಬಿದ್ದಾಗಿತ್ತು.

ಮರುದಿನ ಬೆಳಿಗ್ಗೆಯೇ ಫೋನು. “ಲೇ, ಬಟನ್ ಒತ್ತಿ ಸ್ನಾನಕ್ಕ ಹೋಗಿದ್ದೆ. ಬರೋದ್ರಾಗ ಮಲಕೊಂಡಬಿಟ್ಟದ!”

ಆದದ್ದಿಷ್ಟು: ಯಂತ್ರ ಚಿಟಿಕೆ ಹೊಡೆಯುವುದರಲ್ಲಿ ಎದ್ದಿತ್ತು, ಇವನಿಗಾಗಿ ಕಾದಿತ್ತು, ಯಾರೂ ಬಾರದ್ದಕ್ಕೆ ಪರದೆ ಆರಿಸಿಕೊಂಡಿತ್ತು.

“ಸದ್ದಿಲ್ಲ, ಸಪ್ಪಳಿಲ್ಲ. ಜೀವ ಅದನೋ ಇಲ್ಲೋ ಹೆಂಗ ತಿಳೀಬೇಕು?”

“ಮುಟ್ಟಿ ನೋಡು ಮಾಮಾ.”

“ನೋಡಿದೆ. ತಣ್ಣಗದ!”

ಕೆಲವು ದಿನ ಬಿಟ್ಟು ಮತ್ತೆ ಫೋನು: ಹಳೆಯ ಡಿಸ್ಕನ್ನೇ ವಾಪಸ್ ಹಾಕಿಸಿಕೊಡಬೇಕಂತೆ! ಚಕ್ಕಡಿ ಬಿಟ್ಟು ಕಾರು ಹತ್ತಿದವನು ಮತ್ತೆ ಚಕ್ಕಡಿ ಹುಡುಕುವುದುಂಟೆ? ವಾರದ ರಜೆಯನ್ನು ಜಗಳಕ್ಕೆಂದೇ ಮೀಸಲಿಟ್ಟು ಬೈಲಹೊಂಗಲದ ಬಸ್ಸು ಹತ್ತಿದೆ.

“ಜನ ನಿಂತಕಾಲಮ್ಯಾಲೆ ಬಂದು ಹೋಗ್ಲಿಕ್ಹತ್ಯಾರ,” ಮಾಮಾನ ದೂರು ಶುರುವಾಯಿತು. “ಮೊನ್ನೆ ಸುರೇಬಾನದ ಗೌಡರು ಮಗಳನ್ನ ಕರಕೊಂಡು ಬಂದಿದ್ರು. ತಟ್ಟನ ಕುಂಡಲಿ ಬಂತು, ‘ಕೂಡ್ತದ’ ಅಂತ ಬಂತು. ಬಸ್ಸಿಗೆ ಹೊತ್ತಾತು ಅಂತ ಎದ್ದೇಬಿಟ್ರು. ಚಹಾನೂ ಕುಡೀಲಿಲ್ಲ!”

“ಚಹಾ ಉಳೀತು ಅಂತ ಡಿಸ್ಕ್ ಬದಲಿ ಮಾಡಬೇಕೇನು?” ನಾನು ರೇಗಿದೆ.

“ಚಹಾದ ಮಾತಲ್ಲೋ ಪೇಪರಿನವನ!” ಅಡುಗೆಮನೆಯಿಂದ ಮಾಮಿಯ ದನಿ ನನಗಿಂತ ಜೋರಾಗಿತ್ತು. “ಆ ಹುಡುಗಿ ಹೋಗೋವಾಗ ಹೊಸ್ತಿಲದಾಗ ತಿರುಗಿ ನಿಂತಿದ್ಲು. ಏನೋ ಹೇಳೋದಿತ್ತು ಅಕೀಗೆ.”

ಆಗ ತಿಳಿಯಿತು ಈ ಗಂಡಹೆಂಡಿರ ಕಾರಭಾರ. ಯಂತ್ರ ಏಳುವವರೆಗೆ ಮಾಮಾ ಹುಡುಗಿಯ ತಂದೆಯನ್ನು ಮಾತಿಗೆ ಕೂರಿಸುತ್ತಿದ್ದ. ಚಹಾಕ್ಕೆ ಕೈಜೋಡಿಸು ಎಂದು ಮಾಮಿ ಹುಡುಗಿಯನ್ನು ಒಳಗೆ ಕರೆಯುತ್ತಿದ್ದಳು. ಹಾಲು ಕಾಯುವುದರೊಳಗೆ ಹುಡುಗಿ ಮನಸ್ಸು ಬಿಚ್ಚುತ್ತಿದ್ದಳು. ಅವಳಿಗೆ ಒಪ್ಪಿಗೆಯಿದ್ದರೆ ಹೊರಗೆ ಚಹಾ ಕಪ್ಪು-ಬಸಿಯಲ್ಲಿ ಬರುತ್ತಿತ್ತು. ಒಲ್ಲೆನೆಂದಿದ್ದರೆ ಸ್ಟೀಲಿನ ಲೋಟದಲ್ಲಿ. ಲೋಟ ಕಂಡ ಕೂಡಲೇ ಮಾಮಾ ಕನ್ನಡಕ ಮೇಲೇರಿಸಿ, ಎಂಥ ಚಂದದ ಜೋಡಿ ಜಾತಕದಲ್ಲೂ ಒಂದು ದೋಷ ಕಂಡುಹಿಡಿಯುತ್ತಿದ್ದ!

ನನ್ನ ಮೈ ಉರಿಯಿತು. “ಇದು ಮೋಸ ಅಲ್ಲೇನು? ಜನ ನಿನ್ನ ನಂಬಿ ಬರ್ತಾರ!”

“ನೀ ಪೇಪರಿನಾಗ ಎರಡೂ ಕಡೆಯವರನ್ನ ಕೇಳಿ ಬರೀತೀಯಲ್ಲಾ?”

“ಹೌದು.”

“ಹುಡುಗಿ ಕಡೆಯವರು ಅಂದ್ರ ಯಾರು? ಅವರಪ್ಪನ್ನ ಕೇಳಿದ್ರ ಮುಗೀತೇನು?”

“ಏನs ಆಗ್ಲಿ, ಡಿಸ್ಕ್ ಬದಲಿ ಮಾಡಂಗಿಲ್ಲ,” ಎಂದೆ.

ಮಾಮಾ ಫೋನು ಕೈಗೆತ್ತಿಕೊಂಡ. ಏಕಾದಶಿ ಇಂದೋ ನಾಳೆಯೋ ಎಂಬ ವಾದದಲ್ಲಿ ಮಠದವರಿಗೂ ಸೋಲದವನು, ಇಡೀ ಆಯುಷ್ಯದಲ್ಲಿ ತನ್ನ ಲೆಕ್ಕ ತಪ್ಪಿತೆಂದು ಯಾರಿಗೂ ಹೇಳದವನು, ನಿಂತುಕೊಂಡೇ ಮಾತಾಡಿದ: “ನಮಸ್ಕಾರ್ರೀ ಗೌಡ್ರ. ನನ್ನ ಲೆಕ್ಕ ತಪ್ಪೇದ್ರಿ. ಮಾತುಕತಿ ಮುಂದುವರಸಬ್ಯಾಡ್ರಿ. ಮಗಳನ್ನ ಕರಕೊಂಡು ಇನ್ನೊಮ್ಮೆ ಬಂದುಹೋಗ್ರಿ.”

ಅವರು ಬಂದ ದಿನ ನಾನೂ ಅಲ್ಲಿದ್ದೆ. ಲ್ಯಾಪ್‌ಟಾಪ್ ಮುಚ್ಚಿತ್ತು. ಅದರ ಮೇಲೆ ಭಾರಕ್ಕಿಟ್ಟಂತೆ ಹಳೆಯ ಹಾರ್ಡ್ ಡಿಸ್ಕ್, ಕುಂಕುಮದ ಬೊಟ್ಟಿನ ಸಮೇತ.

“ಕೂಡ್ರಿ ಗೌಡ್ರ. ಮಶೀನು ಇನ್ನೂ ಬಿಸಿ ಆಗಬೇಕು.”

“ಹೋದ ಸಲ ಲಗೂನ ಚಾಲೂ ಆಗಿತ್ತಲ್ರೀ?”

“ಅದಕ್ಕs ನೋಡ್ರಿ, ಲೆಕ್ಕ ತಪ್ಪಿದ್ದು!”

“ಬಾರವಾ, ಏಲಕ್ಕಿ ಕುಟ್ಟಿಕೊಡು,” ಎಂದು ಮಾಮಿ ಹುಡುಗಿಯನ್ನು ಒಳಗೆ ಕರೆದಳು.

ಗೌಡರು ಕಬ್ಬಿನ ಮಾತು ತೆಗೆದರು. ಮಾಮಾ ಹೂಂಗುಟ್ಟಿದ. ಅವನ ಬೆರಳು ಹಳೆಯ ಡಿಸ್ಕಿನ ಮೇಲಿತ್ತು, ಕಣ್ಣು ಅಡುಗೆಮನೆಯ ಬಾಗಿಲ ಮೇಲೆ. ಚಹಾ ಬಹಳ ತಡವಾಯಿತು. ತಾಟು ಹಿಡಿದು ಹೊರಗೆ ಬಂದವಳು ಆ ಹುಡುಗಿಯೇ. ಅತ್ತು ಮುಖ ತೊಳೆದುಕೊಂಡಿದ್ದಳು. ತಾಟಿನಲ್ಲಿ ಸ್ಟೀಲಿನ ಲೋಟಗಳಿದ್ದವು.

ಮಾಮಾ ಡಿಸ್ಕನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದ, ಕನ್ನಡಕ ಮೇಲೇರಿಸಿದ.

ಸುರೇಬಾನದ ಆ ಹುಡುಗಿ ಈಗ ರಾಮದುರ್ಗದಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ.