ಮೇಷ್ಟ್ರ ಮಾತಿನ ಕಲಗಚ್ಚು

ವಾಮನಮೂರ್ತಿ ಮೇಷ್ಟ್ರು ಹೊಸ ಯಂತ್ರ ತೋರಿಸುತ್ತಾರಂತೆ ಎಂದು ಬೀದಿಯೆಲ್ಲ ಅವರ ಜಗುಲಿಗೆ ಹೋಯಿತು. ಎದುರು ಮನೆಯ ಗೌರಕ್ಕ ಮಾತ್ರ ಹೋದದ್ದು ಕಲಗಚ್ಚು ಕೇಳಲು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಯನ್ನೆಲ್ಲ ಜನ ಹೂಕುಂಡಗಳಿಗೆ ಹಾಕತೊಡಗಿದ ಮೇಲೆ ಅವಳ ಎಮ್ಮೆ ಚೆಲುವಿ ಬಡಕಲಾಗಿತ್ತು. ಈ ವಾರ ಏನೂ ದಾರಿಯಾಗದಿದ್ದರೆ ಅದನ್ನು ತಂಗಿಯ ಊರಿಗೆ ಅಟ್ಟಬೇಕಿತ್ತು.

ಕೊಳವೆ ಸಿಕ್ಕಿಸಿದ ತಗಡಿನ ಪೆಟ್ಟಿಗೆಯ ಪಕ್ಕ ಮೇಷ್ಟ್ರು ನಿಂತಿದ್ದರು. ಇಂಗ್ಲಿಷಿನಲ್ಲಿ ಅಸಂಬದ್ಧ ಮಾತಿಗೆ ‘ಹಾಗ್‌ವಾಶ್’ ಎನ್ನುತ್ತಾರೆ, ಅಂಥ ಮಾತು ಕೇಳಿದೊಡನೆ ಯಂತ್ರ ಅದನ್ನು ತೋರಿಸಿಕೊಡುತ್ತದೆ ಎಂದು ವಿವರಿಸಿದರು. ಆಮೇಲೆ ಎದೆಯುಬ್ಬಿಸಿ, “ನಾನಂತೂ ಜನ್ಮದಲ್ಲಿ ಒಂದು ಪೊಳ್ಳು ಮಾತು ಆಡಿದವನಲ್ಲ” ಎಂದರು.

ಕೊಳವೆಯಿಂದ ಗೊಳಗೊಳನೆ ಬೂದು ನೀರು ಸುರಿದು ಅವರ ಪಂಚೆ ತೊಯ್ದುಹೋಯಿತು. ಗೌರಕ್ಕ ಬೆರಳದ್ದಿ ಮೂಸಿ ನೋಡಿದಳು. ಅಪ್ಪಟ ಕಲಗಚ್ಚು!

ಎಡವಟ್ಟು ನಿಘಂಟಿನದು. ಮೇಷ್ಟ್ರು ಯಂತ್ರಕ್ಕೆ ಉಣಿಸಿದ್ದು ತಾತನ ಕಾಲದ ಪ್ರತಿ. ಅದರಲ್ಲಿ ‘ಹಾಗ್‌ವಾಶ್’ ಪದದ ಮೊದಲ ಅರ್ಥ ಹಂದಿಗೆ ಹಾಕುವ ಕಲಗಚ್ಚು. ಕೆಲಸಕ್ಕೆ ಬಾರದ ಮಾತು ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಬಹಳ ಕಾಲದ ಮೇಲೆ. ಯಂತ್ರ ಮೊದಲ ಅರ್ಥವನ್ನೇ ಹಿಡಿದು, ಗಾಳಿಯ ತೇವಕ್ಕೆ ಮಾತಾಡುವವರ ಉಸಿರು ಬೆರೆಸಿ ಸರಕು ತಯಾರಿಸುತ್ತಿತ್ತು.

ತಪ್ಪೊಪ್ಪಿಕೊಳ್ಳುವುದು ಮೇಷ್ಟ್ರ ಜಾಯಮಾನವಲ್ಲ. ಹೀಗಾಗಬೇಕೆಂದೇ ಮಾಡಿದ್ದು ಎಂದರು. ಕೊಳವೆಯಿಂದ ಇನ್ನೊಂದು ಬಕೆಟ್ ಕಲಗಚ್ಚು ಬಂತು. ನಿಮ್ಮ ಬುದ್ಧಿವಂತಿಕೆ ಕಂಡೇ ಮದುವೆಯಾದೆ ಎಂದು ಹೆಂಡತಿ ಸಮಾಧಾನ ಹೇಳಿದ್ದಕ್ಕೆ ಎರಡು ಬಕೆಟ್. ಅಷ್ಟರಲ್ಲಿ ಮುಖ್ಯ ಅತಿಥಿ, ವಾರ್ಡಿನ ಕೌನ್ಸಿಲರು, ಮುಂದಿನ ತಿಂಗಳೇ ಬೀದಿಗೆ ಡಾಂಬರು ಹಾಕಿಸುತ್ತೇನೆಂದು ಶುರುಮಾಡಿದರು. ಜಗುಲಿ ತುಂಬಿ ಚಪ್ಪಲಿಗಳು ಚರಂಡಿಯ ಕಡೆಗೆ ತೇಲಿದವು. ಜನ ಕುರ್ಚಿ ಹತ್ತಿದರು. ಗೌರಕ್ಕ ಓಡಿಹೋಗಿ ಚೆಲುವಿಯನ್ನು ಹಿಡಿದುಕೊಂಡು ಬಂದಳು. ಎಮ್ಮೆ ಕುಡಿದೇ ಕುಡಿಯಿತು. ಕೌನ್ಸಿಲರು ಹಿತ್ತಲ ಬಾಗಿಲಿಂದ ಕಾಲ್ಕಿತ್ತರು.

ಉಳಿದವರೆಲ್ಲ ಹೋದ ಮೇಲೆ ಮೇಷ್ಟ್ರು ಸುತ್ತಿಗೆ ಎತ್ತಿಕೊಂಡರು. ಮುಖ ಸಣ್ಣದಾಗಿತ್ತು.

“ಸೋತೆ ಗೌರಕ್ಕ. ನನಗೆ ಯಂತ್ರ ಮಾಡೋಕೆ ಬರಲ್ಲ.”

ಕೊಳವೆಯಿಂದ ಒಂದು ಹನಿಯೂ ಬೀಳಲಿಲ್ಲ. ಚೆಲುವಿ ತಲೆಯೆತ್ತಿ ಮೇಷ್ಟ್ರನ್ನೇ ನೋಡಿತು. ಗೌರಕ್ಕ ಸುತ್ತಿಗೆಯನ್ನು ಮೆಲ್ಲಗೆ ಕಿತ್ತುಕೊಂಡು, ಆ ಜಾಗಕ್ಕೆ ಖಾಲಿ ಬಕೆಟ್ ಕೊಟ್ಟಳು.

“ನಿಜ ಯೋಳುದ್ರೆ ಎಮ್ಮೆ ಹೊಟ್ಟೆ ತುಂಬಾಕಿಲ್ಲ ಮೇಷ್ಟ್ರೇ. ದಿನಾ ಹಾಲ್ ಕರೆಯೋಕ್ ಮುಂಚೆ, ‘ನನ್ ಯಂತ್ರ ಸರಿಯಾಗೈತೆ’ ಅಂತ ಒಂದ್ಸಲ ಯೋಳ್ಬುಡಿ, ಸಾಕು.”