ಮಾಂಸದಂಗಡಿಯ ಮೊಲ

ಮಾಂಸ ಕೆಡದಂತೆ ಇಡುವ ಕೋಲ್ಡ್ ರೂಮಿನ ಬಾಗಿಲಿಗೆ ಒಂದು ಕೆಟ್ಟ ಚಾಳಿಯಿತ್ತು. ಎಷ್ಟೇ ಎಳೆದು ಮುಚ್ಚಿದರೂ ಸ್ವಲ್ಪ ಹೊತ್ತಿಗೆಲ್ಲ ತಾನಾಗಿಯೇ ತೆರೆದುಕೊಳ್ಳುತ್ತಿತ್ತು, ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳಲಾರದವರ ಬಾಯಿಯ ಹಾಗೆ. ರಿಪೇರಿ ಮಾಡಿಸಿ ಎಂದು ಹೆಂಡತಿ ಹೇಳುತ್ತಲೇ ಬಂದಿದ್ದಳು. ನಾಳೆ ನಾಳೆ ಎಂದು ದೊಡ್ಡಣ್ಣ ತಳ್ಳುತ್ತಲೇ ಬಂದಿದ್ದ.

ದೊಡ್ಡಣ್ಣ ಎಂದರೆ ಆ ಬೀದಿಯ ಮಾಂಸದಂಗಡಿಯವನು. ಅಂಗಡಿ ಅಪ್ಪನಿಂದ ಬಂದದ್ದು, ಸೊಂಟನೋವೂ ಅಪ್ಪನಿಂದಲೇ ಬಂದದ್ದು. ಗಾಜಿನ ಪೆಟ್ಟಿಗೆಯಲ್ಲಿ ಮಾಂಸದ ತಟ್ಟೆಗಳನ್ನು ನಡುನಡುವೆ ಹಚ್ಚಹಸಿರು ಸೊಪ್ಪಿಟ್ಟು ಮದುಮಗಳಂತೆ ಸಿಂಗರಿಸುತ್ತಿದ್ದ ಅವನು, ರಾತ್ರಿ ಮಾತ್ರ ನೋವಿಗೆ ಮಗ್ಗುಲು ಬದಲಾಯಿಸಿ ಬದಲಾಯಿಸಿ ಹೊದಿಕೆಯನ್ನು ಹಗ್ಗ ಮಾಡುತ್ತಿದ್ದ. ಕೊನೆಗೆ ಡಾಕ್ಟರು ಮಾಂಸ ಬಿಟ್ಟು ಬರೀ ಸೊಪ್ಪು, ತರಕಾರಿ, ಕಾಳು ತಿನ್ನಿ ಎಂದರು. ಔಷಧದಂಗಡಿಯವನು ಸಿಬಿಡಿ ಎಣ್ಣೆಯ ಪುಟ್ಟ ಸೀಸೆಯೊಂದನ್ನು ಕೈಗಿಟ್ಟ.

"ಗಾಂಜಾ ಜಾತಿಯ ಗಿಡದ್ದೇ. ಆದರೆ ಇದರಲ್ಲಿ ಅಮಲು ಬರಿಸೋ ಭಾಗ ಇಲ್ಲ. ಎಲ್ಲರಿಗೂ ಹಿಡಿಸುತ್ತೆ ಅಂತ ನಾನು ಹೇಳೋದಿಲ್ಲ. ಸೊಪ್ಪಿನ ಮೇಲೆ ಹಾಕ್ಕೊಂಡು ನೋಡಿ."

ಸೊಪ್ಪಿನಿಂದಲೋ, ಎಣ್ಣೆಯಿಂದಲೋ, ಎರಡೂ ಸೇರಿ ಒಳಸಂಚು ಮಾಡಿದ್ದರಿಂದಲೋ, ದೊಡ್ಡಣ್ಣ ಕೂಸಿನಂತೆ ನಿದ್ದೆ ಹೋಗತೊಡಗಿದ. ಆಕಾಶ ಕಳಚಿ ಬಿದ್ದರೂ ಇದನ್ನು ಬಿಡುವುದಿಲ್ಲ ಎಂದು ಹಟ ತೊಟ್ಟ.

ಆದರೆ ಹೊರಗೆ ತಿಳಿಯಕೂಡದು. ಮಾಂಸ ತಿನ್ನದವನ ಕೈಯಿಂದ ಮಾಂಸ ಕೊಳ್ಳುವವರು ಯಾರು? ಅದಕ್ಕೇ ಎದುರಿನ ತರಕಾರಿ ಅಕ್ಕನ ಅಂಗಡಿಗೆ ಹೆಂಡತಿಯೇ ಹೋಗುತ್ತಿದ್ದಳು.

"ಇಷ್ಟೊಂದು ಸೊಪ್ಪು ಯಾರಿಗಮ್ಮ?"

"ಮೊಲ ಸಾಕಿದ್ದೀವಿ ಅಕ್ಕ."

"ಮಾಂಸದಂಗಡಿಯವರ ಮನೇಲಿ ಮೊಲ ಇಷ್ಟು ದಿನ ಬದುಕಿದೆಯಾ? ಗಟ್ಟಿ ಪಿಂಡ ಕಣಮ್ಮ ಅದು."

ಆವತ್ತು ಮಧ್ಯಾಹ್ನ ದೊಡ್ಡಣ್ಣ ಕೋಲ್ಡ್ ರೂಮಿನಲ್ಲಿ, ತೂಗುಹಾಕಿದ ಮಾಂಸದ ಮರೆಯಲ್ಲಿ, ಡಬ್ಬವೊಂದನ್ನು ಬೋರಲು ಹಾಕಿಕೊಂಡು ಕೂತಿದ್ದ. ತೊಡೆಯ ಮೇಲೆ ಎಲೆಕೋಸು, ಪಾಲಕ್ ಕಲಸಿದ ಬೋಗುಣಿ. ಉಸಿರು ಬಿಗಿಹಿಡಿದು ಸೀಸೆಯಿಂದ ಹನಿ ಬಿಡುತ್ತಿದ್ದ. ಬಾಗಿಲು ತನ್ನ ಚಾಳಿ ತೋರಿಸಿತು.

ಆಚೆ ಅದೇ ಬೀದಿಯ ದರ್ಜಿ ನಿಂತಿದ್ದ. ದರ್ಜಿಯ ಕಣ್ಣು ಅವನ ಸೂಜಿಯಷ್ಟೇ ಚೂಪು. ಬಾಯಿ ಮಾತ್ರ ಹೊಲಿಗೆ ಬಿಚ್ಚಿದ ಜೇಬು, ಒಳಗೆ ಹಾಕಿದ್ದೇನೂ ನಿಲ್ಲುತ್ತಿರಲಿಲ್ಲ. ಮಾಂಸ ಕೊಳ್ಳಲು ಬಂದವನು ಬರಿಗೈಲಿ ಹೊರಟ.

ದೊಡ್ಡಣ್ಣ ಬಾಯಿ ಒರೆಸಿಕೊಂಡು ಹೊರಬರುವಷ್ಟರಲ್ಲಿ ಸುದ್ದಿ ಬೀದಿ ಸುತ್ತಿ ಮೈ ತುಂಬಿಕೊಂಡಿತ್ತು. 'ದೊಡ್ಡಣ್ಣ ತನ್ನ ಮಾಂಸ ತಾನೇ ತಿನ್ನಲ್ಲ' ಎಂದು ಹೊರಟದ್ದು, ಮೂಲೆ ತಿರುಗಿ ವಾಪಸು ಬರುವಾಗ 'ಮಾಂಸಕ್ಕೆ ಏನೋ ಹನಿ ಬಿಡ್ತಾನೆ' ಎಂದಾಗಿತ್ತು. ಅಂಗಡಿ ಮುಂದೆ ಗುಂಪು ಸೇರಿತು. ನಿವೃತ್ತ ಮೇಷ್ಟ್ರು ಮುಂದೆ ಬಂದರು.

"ಆ ಸೀಸೆಯಲ್ಲಿ ಏನಿದೆಯಪ್ಪ?" ಪರೀಕ್ಷೆಯಲ್ಲಿ ಹುಡುಗನ ನಕಲು ಚೀಟಿ ಪತ್ತೆಹಚ್ಚಿದವರ ದನಿ.

"ಅದು ನನಗೆ ಮೇಷ್ಟ್ರೇ."

"ಸೊಪ್ಪು?"

"ಅದೂ ನನಗೇ."

"ಹಾಗಾದ್ರೆ ಈ ಮಾಂಸ?" ಎಂದ ದರ್ಜಿ.

"ಅದು ನಿಮಗೆ."

ಮಾತು ನಿಜವೇ. ಆದರೂ ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

"ನಮ್ಮೆದುರಿಗೇ ಒಂದು ತುಂಡು ತಿಂದು ತೋರಿಸ್ಲಿ. ಆಮೇಲೆ ನಂಬೋಣ," ಎಂದ ದರ್ಜಿ.

ಹೆಂಡತಿ ಒಳಗೋಡಿ, ಒಂದು ತುಂಡು ಹುರಿದು, ತಟ್ಟೆಯಲ್ಲಿಟ್ಟು ತಂದಳು. "ತಿಂದ್ಬಿಡಿ ಅಂದ್ರೆ," ಎಂದು ಪಿಸುಗುಟ್ಟಿದಳು. "ಒಂದೇ ಒಂದು ತುಂಡು. ಅಂಗಡಿ ಉಳಿಯುತ್ತೆ."

ಘಮ ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂರಿತು. ಆದರೆ ಹಗ್ಗವಾದ ಹೊದಿಕೆ ನೆನಪಾಯಿತು. ದೊಡ್ಡಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ತಿನ್ನಲ್ಲ. ಮಾಂಸದಲ್ಲಿ ಏನೂ ದೋಷ ಇಲ್ಲ, ದೋಷ ಇದ್ದದ್ದು ನನ್ನ ಸೊಂಟದಲ್ಲಿ," ಎಂದು ಶುರುಮಾಡಿ ಡಾಕ್ಟರು, ಸೊಪ್ಪು, ಸಿಬಿಡಿ, ನಿದ್ದೆ, ಎಲ್ಲ ಹೇಳಿದ. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಸರಸರ ಒಳಹೋಗಿ, ಕೊಕ್ಕೆಗೆ ತೂಗುಹಾಕಿದ್ದ ಇಡೀ ಕುರಿಯನ್ನು ಹೆಗಲಿಗೇರಿಸಿಕೊಂಡು ಬಂದ. ದೀಪದ ಕಂಬದವರೆಗೆ ದಡದಡ ನಡೆದು ವಾಪಸು ಬಂದ. ಕುರಿಯನ್ನು ಇಳಿಸಿ, ಬಗ್ಗಿ ಕಾಲ್ಬೆರಳು ಮುಟ್ಟಿದ. ನೆಟ್ಟಗೆ ನಿಂತ.

ಬೀದಿ ಬಾಯಿ ಬಿಟ್ಟು ನೋಡಿತು. ಹೋದ ವರ್ಷ ಇದೇ ಮನುಷ್ಯ ಬಿದ್ದ ಚಪ್ಪಲಿ ಎತ್ತಿಕೊಡಲು ದರ್ಜಿಯನ್ನು ಕೂಗಿದ್ದನ್ನು ಎಲ್ಲರೂ ನೋಡಿದ್ದರು.

"ತಪ್ಪು ತಿಳ್ಕೊಂಡ್ವಿ ದೊಡ್ಡಣ್ಣ," ಎಂದ ದರ್ಜಿ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಗುಂಪೂ ತಟ್ಟಿತು.

ಗೆದ್ದೆ ಎಂದುಕೊಂಡು ದೊಡ್ಡಣ್ಣ ಒಳಗೆ ಬಂದು, ಏಪ್ರನ್ ಬಿಗಿದು, ಕತ್ತಿ ಮಸೆದು ನಿಂತ. ಯಾರೂ ಬರಲಿಲ್ಲ. ಇನ್ನೊಮ್ಮೆ ಮಸೆದ. ಇಣುಕಿ ನೋಡಿದರೆ ಇಡೀ ಗುಂಪು ಎದುರಿನ ತರಕಾರಿ ಅಂಗಡಿಯನ್ನು ಮುತ್ತಿಕೊಂಡಿತ್ತು. ದರ್ಜಿ ಎರಡೂ ಕಂಕುಳಲ್ಲಿ ಎಲೆಕೋಸು ಅವುಚಿಕೊಂಡು ಔಷಧದಂಗಡಿಯ ಕಡೆ ಓಡುತ್ತಿದ್ದ. ಸದಾ ಸೊಂಟ ಹಿಡಿದುಕೊಂಡು ನಡೆಯುವ ಮೇಷ್ಟ್ರು ಅವನನ್ನೂ ಹಿಂದೆ ಹಾಕಿದ್ದರು.

ಸಂಜೆ ದೊಡ್ಡಣ್ಣ ಮೊದಲ ಸಲ ತಾನೇ ಚೀಲ ಹಿಡಿದು, ತಲೆಯೆತ್ತಿ ಬೀದಿ ದಾಟಿದ. ಇನ್ನು ಮುಚ್ಚುಮರೆ ಏನಿದೆ? ಅಕ್ಕ ಬುಟ್ಟಿಗಳನ್ನು ಬೋರಲು ಹಾಕಿ ಮಣ್ಣು ಕೊಡವುತ್ತಿದ್ದಳು. ಒಂದು ಎಲೆಯೂ ಉಳಿದಿರಲಿಲ್ಲ. ಔಷಧದಂಗಡಿಯವನ ಕಪಾಟಿನಲ್ಲಿ ಸಿಬಿಡಿ ಇದ್ದ ಜಾಗ ಬಿದ್ದ ಹಲ್ಲಿನ ಸಂದಿಯಂತೆ ಕಾಣುತ್ತಿತ್ತು. ತನ್ನ ಸೀಸೆಯನ್ನು ಬುಡಮೇಲು ಮಾಡಿ ಕುಲುಕಿದರೆ ಒಂದು ಹನಿಯೂ ಇಳಿಯಲಿಲ್ಲ. ಅಂಗಡಿ ತುಂಬ ಮಾಂಸ, ಹೊಟ್ಟೆ ಖಾಲಿ. ಹೆಂಡತಿ ಮಧ್ಯಾಹ್ನ ಹುರಿದ ಮಾಂಸದ ತಟ್ಟೆಯನ್ನು ಅವನ ಕಡೆ ತಳ್ಳಿದಳು. ಅವನು ಅದನ್ನು ಅವಳ ಕಡೆಗೇ ವಾಪಸು ತಳ್ಳಿದ.

ಅಷ್ಟರಲ್ಲಿ ಆ ದಿನದ ಒಬ್ಬಳೇ ಗಿರಾಕಿ ಒಳಗೆ ಬಂದಳು. ತರಕಾರಿ ಅಕ್ಕ.

"ತೊಡೆ ಭಾಗದ್ದು ಒಂದು ಒಳ್ಳೇ ತುಂಡು ಕೊಡಿ ದೊಡ್ಡಣ್ಣ. ಸೊಪ್ಪು ಮುಟ್ಟಿ ಮುಟ್ಟಿ ಸಾಕಾಗಿದೆ. ಹಸಿರು ಕಂಡ್ರೆ ವಾಕರಿಕೆ ಬರ್ತಿದೆ."

ದೊಡ್ಡಣ್ಣ ಹಲ್ಲು ಕಚ್ಚಿಕೊಂಡು ಕತ್ತರಿಸಿ, ತೂಗಿ, ಕಟ್ಟಿಕೊಟ್ಟ.

"ನಿಮ್ಮನೆ ಮೊಲ ಹೇಗಿದೆ?"

"ಇವತ್ತು ಉಪವಾಸ ಅಕ್ಕ."

"ಯಾಕೆ, ಅಗೋ ಅಲ್ಲೇ ಸೊಪ್ಪಿದೆಯಲ್ಲ." ಅಕ್ಕ ಗಾಜಿನ ಪೆಟ್ಟಿಗೆಯತ್ತ ಬಗ್ಗಿದಳು. "ಒಂದು ಎಲೆಯೂ ಬಾಡಿಲ್ಲ ನೋಡಿ. ಇಷ್ಟು ಚೆನ್ನಾಗಿರೋ ಸೊಪ್ಪು ಎಲ್ಲಿಂದ ತಂದ್ರಿ? ನನ್ನಂಗಡೀದಂತೂ ಅಲ್ಲ."

"ಅದು ಪ್ಲಾಸ್ಟಿಕ್ಕು ಅಕ್ಕ," ಎಂದ ದೊಡ್ಡಣ್ಣ.