ಗೇಟಿನ ಮೇಲಿನ ಬಿಳಿ ಹೂವಿನ ಬಳ್ಳಿ

ಗೊತ್ತಿಲ್ಲ ಎಂದು ಹೇಳುವುದು ಎಲ್ಲರಿಗೂ ಸುಲಭ, ಮಾಸ್ತರರಿಗೆ ಮಾತ್ರ ಅಲ್ಲ. ಅದರಲ್ಲೂ ಜೀವಮಾನವಿಡೀ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ನನ್ನಂಥವನ ಮನೆಯ ಗೇಟಿಗೇ ಹೆಸರು ತಿಳಿಯದ ಬಳ್ಳಿಯೊಂದು ಹಬ್ಬಿಕೊಂಡರೆ ಅವನ ಗತಿ ಏನು ಹೇಳಿ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ನಾವು ಕೊಂಡ ಮನೆಯ ಜೊತೆಗೇ ಅದು ಬಂತು. ಗೊಂಚಲು ಗೊಂಚಲು ಬಿಳಿ ಹೂವು, ಸಂಜೆಯಾದರೆ ಓಣಿಗೆಲ್ಲ ಘಮ. ಎಲೆ ಚಿವುಟಿದರೆ ಹಾಲು ಬರುತ್ತದೆ, ಆದ್ದರಿಂದ ಮಲ್ಲಿಗೆಯಲ್ಲ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ವಾಕಿಂಗಿಗೆ ಹೊರಟವರೆಲ್ಲ ನಿಂತು, "ಸರ, ಇದ್ಯಾವ ಬಳ್ಳಿರಿ?" ಎನ್ನುತ್ತಿದ್ದರು. ನಾನು ಕೆಮ್ಮಿ, "ಇದರ ಕುಟುಂಬ ಭಾಳ ದೊಡ್ಡದೈತ್ರಿ" ಎಂದು ಒಳಗೆ ಬಂದುಬಿಡುತ್ತಿದ್ದೆ. ಘಮ ಶುರುವಾಯಿತೆಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈಗ ಯಾರು ಬರುತ್ತಾರೋ ಎಂಬ ಚಡಪಡಿಕೆ. ಹೆಂಡತಿಯದು ಬೇರೆ ತಕರಾರು. "ಹೆಸರ ಗೊತ್ತಿಲ್ಲದ ಹೂ ದೇವರಿಗೆ ಹೆಂಗ ಏರಸೂದ್ರಿ? ಇಷ್ಟ ಓದಿ ಏನ ಮಾಡಿದ್ರಿ?" ಮೊಬೈಲಿನ ಆ್ಯಪಿಗೆ ಫೋಟೊ ತೋರಿಸಿದೆ. ಬೆಳಿಗ್ಗೆ ಒಂದು ಹೆಸರು ಹೇಳಿತು, ಸಂಜೆ ಇನ್ನೊಂದು. ಮತ್ತೊಮ್ಮೆ ನನ್ನ ಹೆಬ್ಬೆರಳೂ ಫೋಟೊದಲ್ಲಿ ಸೇರಿಕೊಂಡಿತ್ತು, ಗೆಣಸು ಎಂದಿತು.

ಕೊನೆಗೆ ಮಾನ ಬಿಟ್ಟು, ಸಸ್ಯ ಗುರುತಿಸುವುದರಲ್ಲಿ ಪಳಗಿದ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ರವಿವಾರ ಬಂದು ಹೂವು ನೋಡಿಯೇ ಹೇಳುತ್ತೇನೆ ಎಂದಳು. ಅದರ ಹಿಂದಿನ ದಿನ ಜೈನಾಪುರದಲ್ಲಿ ನೆಂಟರ ಮನೆಯ ಬಸುರಿಯ ಕುಬಸವಿತ್ತು. ಮನೆ ಕಾಯಲು ತಿಕೋಟಾದಿಂದ ಹೆಂಡತಿಯ ತಮ್ಮನನ್ನು ಕರೆಸಿದೆವು. ಅವನು ದ್ರಾಕ್ಷಿ ಬೆಳೆಗಾರ, ಬಳ್ಳಿ ಸವರುವ 'ಚಾಟ್ನಿ'ಯೇ ಅವನ ಕಸುಬು. ಬಳ್ಳಿ ಕಂಡಲ್ಲಿ ಕತ್ತರಿ ಹಿಡಿಯದಿದ್ದರೆ ಅವನ ಕೈಗೆ ಸಮಾಧಾನವಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

ತಿರುಗಿ ಬಂದಾಗ ಗೇಟಿನ ಮೇಲೆ ಒಂದು ಎಲೆಯೂ ಇರಲಿಲ್ಲ.

"ಮಾಮಾ, ಎಷ್ಟ ವರ್ಷದಿಂದ ಚಾಟ್ನಿ ಆಗಿದ್ದಿಲ್ಲೋ ಏನೋ. ಪೂರಾ ಕತ್ತರಿಸೇನಿ. ಇನ್ನ ನೋಡ್ರಿ, ಹ್ಯಾಂಗ ಚಿಗರತೈತಿ" ಎಂದ ಹೆಂಡತಿಯ ತಮ್ಮ.

"ಹೂ ಎಲ್ಲಿ?"

"ಹೂ ತಿಪ್ಪಿಗೆ ಒಗದೆ. ಕಡ್ಡಿ ವೇಸ್ಟ್ ಯಾಕ ಮಾಡೂದಂತ ಓಣ್ಯಾನ ಎಲ್ಲಾರಿಗೂ ಒಂದೊಂದು ಹಚ್ಚಾಕ ಕೊಟ್ಟೇನ್ರಿ."

ನನಗೆ ಅಳು ಬಂತು. ವಿದ್ಯಾರ್ಥಿನಿ ಬಂದಳು, ಬೋಳು ಕಾಂಡ ನೋಡಿದಳು, ಚಹಾ ಕುಡಿದು ಹೋದಳು.

ಮುಂದಿನ ವರ್ಷದ ಹೊತ್ತಿಗೆ ಓಣಿಯ ಎಲ್ಲ ಕಂಪೌಂಡುಗಳ ಮೇಲೂ ಅದೇ ಬಿಳಿ ಹೂವು. ಎದುರು ಮನೆಯ ಅಕ್ಕಾವರು ಬುಟ್ಟಿ ತುಂಬ ತಂದುಕೊಟ್ಟು, "ನಾವು ಮಾಸ್ತರ ಬಳ್ಳಿ ಅಂತ ಹೆಸರ ಇಟ್ಟೇವ್ರಿ ಸರ. ಇನ್ನ ನಿಮ್ಮನ್ನ ಕೇಳಿ ತ್ರಾಸ ಕೊಡೂದಿಲ್ಲ" ಎಂದರು. ಹೆಸರು ಸಿಕ್ಕಿತಲ್ಲ ಎಂದು ಹೆಂಡತಿ ಅಂದೇ ದೇವರಿಗೆ ಏರಿಸಿದಳು.

ಮರುವಾರ ವಿದ್ಯಾರ್ಥಿನಿ ಮತ್ತೆ ಬಂದು ನಿಜವಾದ ಹೆಸರನ್ನು, ಲ್ಯಾಟಿನ್ ಸಮೇತ, ಹೇಳಿಹೋದಳು. ಬಾಯಿಪಾಠ ಮಾಡಿದ್ದೇನೆ. ಸಂಜೆ ಘಮ ಏಳುತ್ತಲೇ ಗೇಟಿಗೆ ಬಂದು ನಿಲ್ಲುತ್ತೇನೆ. ವಾಕಿಂಗಿನವರು ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ, ಒಬ್ಬರೂ ಕೇಳುವುದಿಲ್ಲ. ನೀವಾದರೂ ಒಮ್ಮೆ ಕೇಳಿ.